ಮೂರು ತಂತಿ ಇಟ್ಟು ಪಿಚ್ ವ್ಯಾಸ ಅಳೆಯುವುದು

ಲೇತ್‌ನಲ್ಲಿ ಥ್ರೆಡ್ (ತಿರುಪಿನ ಹಲ್ಲು) ಕಡಿದಾಗ ನಟ್ಟು ಬಿಗಿಯಾಗಿ ಕೂರುತ್ತದೋ ಲೊಡಲೊಡ ಅನ್ನುತ್ತದೋ ಎಂಬುದು ಬೋಲ್ಟಿನ ಹೊರ ವ್ಯಾಸದಿಂದ ಗೊತ್ತಾಗುವುದಿಲ್ಲ. ಅದಕ್ಕೆ ಪಿಚ್ ವ್ಯಾಸ ಬೇಕು, ಅಂದರೆ ಹಲ್ಲಿನ ದಪ್ಪ ಮತ್ತು ಸಂದಿನ ಅಗಲ ಸಮನಾಗುವ ಜಾಗದ ವ್ಯಾಸ. ಮಾಮೂಲಿ ಮೈಕ್ರೋಮೀಟರಿನ ಚಪ್ಪಟೆ ಮುಖ ಅಲ್ಲಿಗೆ ಇಳಿಯುವುದಿಲ್ಲ. ನಾನು ಹೆಚ್ಚಾಗಿ ನಂಬುವುದು ಮೂರು ತಂತಿಯನ್ನೇ.

ಎಂ10×1.5, 6ಜಿ ಬೋಲ್ಟ್ ತೆಗೆದುಕೊಳ್ಳಿ: ಹೊರ ವ್ಯಾಸ 10 ಮಿ.ಮೀ., ಪಿಚ್ (ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ದೂರ) 1.5 ಮಿ.ಮೀ., 6ಜಿ ಅಂದರೆ ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದೆಂಬ ದರ್ಜೆ. ಪಿಚ್ ವ್ಯಾಸ 8.862ರಿಂದ 8.994 ಮಿ.ಮೀ. ಇರಬೇಕು. 60 ಡಿಗ್ರಿ ಥ್ರೆಡ್‌ಗೆ ಸರಿಯಾದ ತಂತಿ ಪಿಚ್‌ನ 0.577 ಪಟ್ಟು, ಇಲ್ಲಿ 0.866 ಮಿ.ಮೀ. ಈ ತಂತಿ ಪಿಚ್ ಗೆರೆಯ ಮೇಲೇ ತಾಗುವುದರಿಂದ ಟೂಲಿನ ಕೋನ ಸ್ವಲ್ಪ ತಪ್ಪಿದ್ದರೂ ಅಳತೆ ಕೆಡುವುದಿಲ್ಲ. ಸೆಟ್‌ನಲ್ಲಿ ಸಿಗುವ 0.895 ತಂತಿಯೂ ನಡೆಯುತ್ತದೆ. ತಂತಿಗಳ ಮೇಲೆ ಬಂದ ಅಳತೆಯಿಂದ ತಂತಿಯ ಮೂರು ಪಟ್ಟು ಕಳೆದು, ಪಿಚ್‌ನ 0.866 ಪಟ್ಟು ಕೂಡಿಸಬೇಕು. 0.895 ತಂತಿ, 1.5 ಪಿಚ್ ಜೋಡಿಗೆ ಒಟ್ಟು 1.386 ಕಳೆದರಾಯಿತು. ಹಾಗಾಗಿ ಮೈಕ್ರೋಮೀಟರ್ 10.248 ಮತ್ತು 10.380ರ ನಡುವೆ ತೋರಿಸಬೇಕು. ಮೂರೂ ತಂತಿ 1 ಮೈಕ್ರಾನ್ ದಪ್ಪಗಿದ್ದರೆ ಲೆಕ್ಕದಲ್ಲಿ 3 ಮೈಕ್ರಾನ್ ತಪ್ಪುತ್ತದೆ. ಡ್ರಿಲ್ ಬಿಟ್ಟಿನ ಶ್ಯಾಂಕನ್ನು ತಂತಿ ಎಂದು ಬಳಸಬೇಡಿ.

ಅಳೆಯುವ ಮುಂಚೆ ಬರ್ (ಕಡಿದ ಅಂಚಿನಲ್ಲಿ ಉಳಿದ ಚೂಪು ಚೂರು) ತೆಗೆದು, ಸಂದುಗಳನ್ನು ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಒಂದು ಚೂರು ಸಿಕ್ಕಿಕೊಂಡರೂ ತಂತಿ ಎದ್ದು ನಿಲ್ಲುತ್ತದೆ. ಅಕ್ಕಪಕ್ಕದ ಸಂದುಗಳಲ್ಲಿ ಎರಡು ತಂತಿ, ಎದುರು ಕಡೆ ಒಂದು. ತೆಳುವಾಗಿ ಗ್ರೀಸ್ ಹಚ್ಚಿದರೆ ಅಂಟಿಕೊಂಡು ನಿಲ್ಲುತ್ತವೆ. ಕೆಳಗೆ ಲೇತ್ ಬೆಡ್ ಮೇಲೆ ಬಿಳಿ ಬಟ್ಟೆ ಹಾಸಿರಲಿ, ಚಿಪ್ಸ್ ರಾಶಿಗೆ ಬಿದ್ದ ತಂತಿ ಮತ್ತೆ ಸಿಗುವುದಿಲ್ಲ. ರ್‍ಯಾಚೆಟ್‌ನಿಂದಲೇ (ಒತ್ತಡ ಮಿತಿ ಮೀರದಂತೆ ಜಾರುವ ತುದಿಯ ಗುಂಡಿ) ಬಿಗಿಸಿ, ಮೈಕ್ರೋಮೀಟರನ್ನು ಮೆಲ್ಲಗೆ ಅಲುಗಾಡಿಸಿ, ತಂತಿಗಳು ಕೂತ ಮೇಲೆ ಓದಿ. ತುದಿ, ನಡು, ಬುಡ ಮೂರೂ ಕಡೆ ನೋಡಿದರೆ ಟೇಪರ್ (ಒಂದು ಕಡೆಗೆ ತೆಳುವಾಗುತ್ತ ಹೋಗುವುದು) ಸಿಕ್ಕಿಬೀಳುತ್ತದೆ.

ಅಳತೆ ಇನ್ನೂ 0.10 ಮಿ.ಮೀ. ಹೆಚ್ಚಿದ್ದರೆ ಟೂಲ್ 0.05 ಆಳ ಹೋಗಬೇಕು, ಕಾಂಪೌಂಡ್ (ಟೂಲ್ ಹಿಡಿದ ಮೇಲಿನ ಸ್ಲೈಡ್) 30 ಡಿಗ್ರಿಗೆ ತಿರುಗಿಸಿದ್ದರೆ ಅದರಲ್ಲಿ 0.058. ಒಂದೇ ಸಲಕ್ಕೆ ಕೊಡಬೇಡಿ, ಎರಡು ಪಾಸ್ ಮಾಡಿ ಮತ್ತೆ ಅಳೆಯಿರಿ. ದೊಡ್ಡ ಕೆಲಸವಾದರೆ ಆರಲು ಬಿಡಿ: 50 ಮಿ.ಮೀ. ಉಕ್ಕು ಮಾಮೂಲಿಗಿಂತ 20 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಸುಮಾರು 11 ಮೈಕ್ರಾನ್ ಹಿಗ್ಗಿರುತ್ತದೆ.

ಥ್ರೆಡ್ ಮೈಕ್ರೋಮೀಟರ್ ಬೇಗ ಓದುತ್ತದೆ. ಆದರೆ ಪಿಚ್‌ಗೆ ತಕ್ಕ ಆನ್ವಿಲ್ (ಹಲ್ಲಿಗೆ ತಾಗುವ ಮೊನೆ) ಹಾಕಬೇಕು, ಬದಲಿಸಿದಾಗಲೆಲ್ಲ ಸೊನ್ನೆ ನೋಡಬೇಕು. ಕೋನ ತಪ್ಪಿದ್ದರೆ ತಂತಿಗಿಂತ ಹೆಚ್ಚು ಮೋಸಹೋಗುತ್ತದೆ.

ಎಲ್ಲರೂ ತಬ್ಬಿಬ್ಬಾಗುವ ಜಾಗ ಇದು: ತಂತಿ ಅಳತೆ ಮಿತಿಯೊಳಗಿದೆ, ಗೋ ರಿಂಗ್ (ಸರಿಯಾದ ಬೋಲ್ಟಿನ ಮೇಲೆ ಸಲೀಸಾಗಿ ತಿರುಗಿ ಹೋಗಬೇಕಾದ ಪರೀಕ್ಷೆಯ ಉಂಗುರ) ಮಾತ್ರ ಹೋಗುವುದಿಲ್ಲ. ತಂತಿ ಒಂದು ಜಾಗವನ್ನಷ್ಟೇ ಅಳೆಯುತ್ತದೆ. ರಿಂಗ್ ತನ್ನ ಉದ್ದಕ್ಕೂ ಇರುವ ಪಿಚ್ ದೋಷವನ್ನೂ ಕೋನದ ದೋಷವನ್ನೂ ಸೇರಿಸಿ ನೋಡುತ್ತದೆ. ಆ ಉದ್ದದಲ್ಲಿ ಪಿಚ್ 10 ಮೈಕ್ರಾನ್ ತಪ್ಪಿದ್ದರೆ ರಿಂಗ್‌ಗೆ ಬೋಲ್ಟು 17 ಮೈಕ್ರಾನ್ ದಪ್ಪ. ಆಗ ಇನ್ನಷ್ಟು ಕಡಿಯಬೇಡಿ. ಕಡಿದರೆ ರಿಂಗ್ ಹೋಗುತ್ತದೆ ನಿಜ, ಆದರೆ ನಟ್ಟಿನ ಒಂದೆರಡು ಹಲ್ಲಷ್ಟೇ ಭಾರ ಹೊರುತ್ತವೆ. ಟೂಲ್ ನೇರವಾಗಿದೆಯೇ ಎಂದು ಮೊದಲು ಸೆಂಟರ್ ಗೇಜ್ (60 ಡಿಗ್ರಿ ಕಚ್ಚು ಇರುವ ತಗಡು) ಇಟ್ಟು ನೋಡಿ, ಆಮೇಲೆ ಲೀಡ್‌ಸ್ಕ್ರೂ (ಪಿಚ್‌ಗೆ ತಕ್ಕಂತೆ ಟೂಲನ್ನು ಸಾಗಿಸುವ ಲೇತಿನ ಉದ್ದ ತಿರುಪು) ಸವೆತ.