ಸಿಗ್ನಲ್ ನಂಬರನ್ನು ಕನ್ನಡ ಮಾಡಿದ್ದು

ಕಲಬುರಗಿಯ ಒಂದು ತೊಗರಿ ಬೇಳೆ ಮಿಲ್‌ಗೆ ಸಿ ಭಾಷೆಯಲ್ಲಿ ತೂಕದ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಲಿನಕ್ಸ್ ಪಿಸಿ. ಕಾಟಾದ ಸೀರಿಯಲ್ ಪೋರ್ಟ್ ಓದುವುದು ಒಂದು ಪ್ರೋಸೆಸ್, ಅದು ಬಿದ್ದರೆ ಎಬ್ಬಿಸುವುದು ಇನ್ನೊಂದು. ಬಿದ್ದಾಗ ಸ್ಕ್ರೀನ್ ಮೇಲೆ ಬರೀ ಸಿಗ್ನಲ್ ನಂಬರ್ ಬರುತ್ತಿತ್ತು, ಅಂದರೆ ಪ್ರೋಗ್ರಾಂ ಯಾಕೆ ನಿಂತಿತು ಅಂತ ಹೇಳುವ ಸಂಕೇತದ ನಂಬರ್. ಸುಗ್ಗಿಯಲ್ಲಿ ಲಾರಿಗಳು ಸಾಲುಗಟ್ಟಿರುವಾಗಲೇ ಕಾಟಾ ಹುಡುಗನ ಫೋನ್: “ಸರ್, ಮತ್ತ ಹನ್ನೊಂದು ಬಂದದ್ರೀ. ಏನ್ ಮಾಡ್ಲಿ?”

ನಂಬರನ್ನು ಮಾತು ಮಾಡೋಕೆ ಸಿ ಲೈಬ್ರರಿಯ ಫಂಕ್ಷನ್ ಸ್ಟ್ರ್‌ಸಿಗ್ನಲ್ ಇದೆ. 11 ಕೊಟ್ಟರೆ ‘ಸೆಗ್ಮೆಂಟೇಶನ್ ಫಾಲ್ಟ್’ (ಮುಟ್ಟಬಾರದ ಮೆಮೊರಿ ಮುಟ್ಟಿದ್ದು), 9 ಕೊಟ್ಟರೆ ‘ಕಿಲ್ಡ್’. ಹಳೆ ಕೋಡ್‌ನಲ್ಲಿ ಕಾಣುವ ಸಿಸ್‌_ಸಿಗ್‌ಲಿಸ್ಟ್ ಅರೇ (ಇದೇ ಮಾತುಗಳ ಪಟ್ಟಿ) ಬೇಡ. 2020ರ ಸಿ ಲೈಬ್ರರಿ ಜಿಲಿಬ್‌ಸಿ 2.32ರಿಂದ ಹೊಸ ಕೋಡ್‌ಗೆ ಅದು ಸಿಗಲ್ಲ.

ಎಲ್ಲಿ ಕರೆಯುತ್ತೀರಿ ಅನ್ನೋದು ಜಾಸ್ತಿ ಮುಖ್ಯ. ಎಷ್ಟೋ ಜನ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಒಳಗೇ ಪ್ರಿಂಟ್‌ಎಫ್ ಬರೆಯುತ್ತಾರೆ. ಅದು ಒಳಗೊಳಗೇ ಮೆಮೊರಿ ಕೇಳುವ ಮಾಲಾಕನ್ನು ಕರೆಯಬಹುದು. ಮಾಲಾಕ್ ಅರ್ಧದಲ್ಲಿದ್ದಾಗ ಸಿಗ್ನಲ್ ಬಂದರೆ ಪ್ರೋಗ್ರಾಂ ಅಲ್ಲೇ ಗಂಟು ಬೀಳಬಹುದು. ಸ್ಟ್ರ್‌ಸಿಗ್ನಲ್ ಕೂಡ ಅಲ್ಲಿ ಸೇಫ್ ಅಲ್ಲ. 9ನ್ನಂತೂ ಯಾವ ಹ್ಯಾಂಡ್ಲರೂ ಹಿಡಿಯಲ್ಲ. ಹಾಗಾಗಿ ಈ ಕೆಲಸ ಎಬ್ಬಿಸುವ ಪ್ರೋಸೆಸ್‌ಗೆ, ಅಂದರೆ ಪೇರೆಂಟ್‌ಗೆ ಬಿಟ್ಟೆ. ವೇಟ್‌ಪಿಡ್ ಕೊಟ್ಟ ಸ್ಟೇಟಸ್ಸನ್ನು (ಪ್ರೋಸೆಸ್ ಹೇಗೆ ಮುಗಿಯಿತು ಅನ್ನೋ ನಂಬರ್) ಮೊದಲು ‘ಸಿಗ್ನಲ್‌ನಿಂದ ಸತ್ತಿತಾ’ ಅಂತ ಡಬ್ಲ್ಯೂ‌ಇಫ್‌ಸಿಗ್ನಲ್ಡ್‌ಗೆ ಕೇಳಿ, ಹೌದು ಅಂದರೆ ಡಬ್ಲ್ಯೂ‌ಟರ್ಮ್‌ಸಿಗ್‌ನಿಂದ ನಂಬರ್ ತೆಗೆಯುವುದು. ಸ್ಟೇಟಸ್ಸನ್ನೇ ನೇರ ಪ್ರಿಂಟ್ ಮಾಡಿದರೆ ಕೋರ್ ಡಂಪ್ (ಬಿದ್ದ ಕ್ಷಣದ ಮೆಮೊರಿಯ ಪ್ರತಿ) ಆದಾಗ ಅದರ ಗುರುತಿನ 128 ಸೇರಿ 11ರ ಬದಲು 139 ಕಾಣುತ್ತದೆ. ಶೆಲ್ (ಕಮಾಂಡ್ ಟೈಪ್ ಮಾಡುವ ಪ್ರೋಗ್ರಾಂ) ಕೂಡ 139 ಅಂತಲೇ ತೋರಿಸುತ್ತದೆ, ಆದರೆ ಅದು ಕೋರ್ ಡಂಪ್ ಆಗಲಿ ಬಿಡಲಿ 128ಕ್ಕೆ 11 ಕೂಡಿಸಿದ್ದು. ಎರಡರ ಲೆಕ್ಕ ಬೇರೆ, ಉತ್ತರ ಒಂದೇ. ತಲೆ ಕೆಡುತ್ತೆ ಅಲ್ವಾ?

ಲೈಬ್ರರಿಯ ಮಾತು ನನಗೆ ಸಾಕು, ಕಾಟಾ ಹುಡುಗನಿಗೆ ಸಾಲದು. ನಮ್ಮ ಪಿಸಿಯಲ್ಲಿ ಇಂಟಿಜರನ್ನು (ಪೂರ್ಣಾಂಕ) ಸೊನ್ನೆಯಿಂದ ಭಾಗಿಸಿದರೂ ‘ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಶನ್’ ಅಂತ ದಶಮಾಂಶದ ಹೆಸರು ಹೇಳುತ್ತದೆ! ಅದಕ್ಕೇ ನನ್ನದೇ ಕನ್ನಡ ಟೇಬಲ್ ಮಾಡಿದೆ. ಅರೇ ಇಂಡೆಕ್ಸ್‌ಗೆ 11 ಅಂತ ಬರೆಯದೆ ಸಿಗ್‌ಸೆಗ್‌ವಿ ಅಂತ ಅದರ ಹೆಸರೇ ಹಾಕಿದೆ, ಯಾಕಂದರೆ ಕೆಲವು ನಂಬರ್‌ಗಳು ಸಿಸ್ಟಮ್‌ಗೆ ತಕ್ಕಂತೆ ಬದಲಾಗುತ್ತವೆ. ಈ ಲಿನಕ್ಸ್‌ನಲ್ಲಿ 10 ಅಂದರೆ ಸಿಗ್‌ಯೂಸರ್1, ಮ್ಯಾಕ್‌ನಲ್ಲಿ ಸಿಗ್‌ಬಸ್. ಟೇಬಲ್‌ನಲ್ಲಿ ಇಲ್ಲದ್ದಕ್ಕೆ ಸ್ಟ್ರ್‌ಸಿಗ್ನಲ್ ಇದ್ದೇ ಇದೆ.

ಸಿಗ್‌ಸೆಗ್‌ವಿ ಬಂದರೆ ಈಗ ಹೀಗೆ ತೋರಿಸುತ್ತದೆ: “ತೂಕದ ಪ್ರೋಗ್ರಾಂ ನಿಂತಿತ್ತು, ಮತ್ತೆ ಶುರುವಾಗಿದೆ. ಲಾರಿ ಕಾಟಾದಿಂದ ಇಳಿಸಬೇಡಿ, ಇನ್ನೊಮ್ಮೆ ತೂಕ ಮಾಡಿ.” 9ಕ್ಕೆ ಬರೀ “ಹೊರಗಿನಿಂದ ನಿಲ್ಲಿಸಲಾಗಿದೆ” ಅಂತ ಹಾಕಿದೆ. ಮೆಮೊರಿ ಸಾಲದೆ ಕರ್ನೆಲ್ (ಲಿನಕ್ಸ್‌ನ ತಿರುಳು) ಹೊಡೆದು ಹಾಕಿತೋ, ಯಾರಾದರೂ ಕಿಲ್ ಕಮಾಂಡ್ ಕೊಟ್ಟರೋ, ನಂಬರ್ ಒಂದರಿಂದಲೇ ಗೊತ್ತಾಗಲ್ಲ. ಸುಳ್ಳು ಕಾರಣ ಬರೆಯೋದಕ್ಕಿಂತ ಇದು ವಾಸಿ. 15 ಅನ್ನೋ ಸಿಗ್ನಲ್, ಪಿಸಿ ಆಫ್ ಮಾಡುವಾಗ ಬರುವಂಥದ್ದು. ಅದಕ್ಕೆ ಸ್ಕ್ರೀನ್ ಮೇಲೆ ಏನೂ ಬರಲ್ಲ, ಲಾಗ್ ಫೈಲಿಗೆ ಮಾತ್ರ ನಂಬರ್, ಹೆಸರು, ಟೈಮ್ ಹೋಗುತ್ತದೆ.