ಹಿಂದಿನವನು ಹಾರನ್ ಹೊಡೆದರೆ ಹೊಡೀಲಿ

ಲಾರಿ ಕಲಿಯುವವರಿಗೆ ಲಾರಿಗಿಂತ ಜನರ ಹೆದರಿಕೆಯೇ ಜಾಸ್ತಿ. ಹಿಂದಿನ ಕಾರಿನವನ ಹಾರನ್, ಪಕ್ಕದಲ್ಲಿ ಕೂತು ಗಾಡಿ ಕಲಿಸುವ ಉಸ್ತಾದರ ಬೈಗುಳ, ಇವೆರಡೇ ಸಾಕು ಕೈಕಾಲು ನಡುಗೋದಕ್ಕೆ. ನನಗಂತೂ ಹಾಗೇ ಆಗುತ್ತಿತ್ತು.

ನಾನು ಕಾರವಾರದವನು. ಲೈಟ್ ಗಾಡಿ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗದೆ ಲಾರಿಗೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಕೊಡುವುದಿಲ್ಲ, ವಯಸ್ಸೂ 20 ತುಂಬಿರಬೇಕು. ಅಲ್ಲಿಯವರೆಗೆ ಕ್ಲೀನರ್ ಆಗಿದ್ದೆ. ಎಡಗಡೆ ಕೂತು ನೋಡಿದ್ದು ಆಮೇಲೆ ತುಂಬ ಉಪಯೋಗಕ್ಕೆ ಬಂತು.

ಕರಾವಳಿಯ ಹೆದ್ದಾರಿ 66ರಲ್ಲಿ ಅಷ್ಟೇನೂ ಕಷ್ಟವಿಲ್ಲ. ಅಂಕೋಲಾದಲ್ಲಿ ಹುಬ್ಬಳ್ಳಿ ಕಡೆ ತಿರುಗಿ, ಸುಂಕಸಾಳ, ರಾಮನಗುಳಿ, ಗುಳ್ಳಾಪುರ ದಾಟಿದ ಮೇಲೆ ಅರಬೈಲ್ ಘಟ್ಟ ಸಿಗುತ್ತದೆ. ನಿಜವಾದ ಪಾಠ ಅಲ್ಲಿ.

ಲೋಡ್ ಇದ್ದಾಗ ಹತ್ತುವಾಗ ಗೇರ್ ಬೀಳದೆ ಗಾಡಿ ನಿಂತುಬಿಡುವುದು ಹೊಸಬರಿಗೆಲ್ಲ ಇದ್ದದ್ದೇ. ಹಿಂದೆ ಸಾಲುಗಟ್ಟಿ ಗಾಡಿಗಳು. ಆಗ ನಾನು ಮಾಡುವುದು ಇಷ್ಟೇ. ಕಾಲು ಬ್ರೇಕ್ ಮೇಲೆ, ಹ್ಯಾಂಡ್‌ಬ್ರೇಕ್ ಲಿವರ್ ಎಳೆ, ಟುಸ್ ಅಂತ ಗಾಳಿ ಬಿಟ್ಟ ಸದ್ದು ಕೇಳಿಸಲಿ. ಕ್ಲೀನರ್ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಆಯ್ತು ಅಂತ ಬಾಡಿ ತಟ್ಟಲಿ. ಅಷ್ಟರವರೆಗೆ ಕನ್ನಡಿ ನೋಡುವುದೇ ಇಲ್ಲ, ಉಸಿರು ಬಿಡುತ್ತೇನೆ. ಆಮೇಲೆ ಫಸ್ಟ್ ಗೇರ್, ಹಾಫ್ ಕ್ಲಚ್, ಗಾಡಿ ಮುಂದಕ್ಕೆ ಎಳೆಯುತ್ತಿದೆ ಅಂತ ಗೊತ್ತಾದ ಮೇಲೆ ಲಿವರ್ ಬಿಡುವುದು. ಕಲ್ಲನ್ನು ಮಾತ್ರ ರಸ್ತೆಯಲ್ಲೇ ಬಿಟ್ಟು ಬರಬಾರದು. ಎಷ್ಟೋ ಜನ ಬಿಟ್ಟು ಹೋಗುತ್ತಾರೆ, ರಾತ್ರಿ ಬೈಕಿನವರು ಅದಕ್ಕೆ ಬೀಳುತ್ತಾರೆ.

ಇಳಿಯುವಾಗ ಬೇರೆಯದೇ ಕಥೆ. ಹಾರನ್ ಕೇಳಿ ಸ್ಪೀಡ್ ಹೆಚ್ಚಿಸಿದರೆ ಬ್ರೇಕ್ ಒತ್ತುತ್ತಲೇ ಇರಬೇಕಾಗುತ್ತದೆ. ಬ್ರೇಕ್ ಡ್ರಮ್ ಬಿಸಿಯಾಗುತ್ತದೆ, ಹಿಡಿತ ಕಮ್ಮಿಯಾಗುತ್ತದೆ, ಪದೇ ಪದೇ ಒತ್ತಿದರೆ ಬ್ರೇಕ್ ಹಿಡಿಯೋದಕ್ಕೆ ಬೇಕಾದ ಟ್ಯಾಂಕಿನ ಗಾಳಿಯೂ ಇಳಿಯುತ್ತದೆ. ಹಾಗಾಗಿ ಘಟ್ಟ ಶುರುವಾಗುವ ಮೊದಲೇ ಸಣ್ಣ ಗೇರ್‌ಗೆ ಬರುತ್ತೇನೆ, ಇಂಜಿನ್ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಹಾಕುತ್ತೇನೆ, ಗಾಳಿ ಮೀಟರ್ ಮೇಲೆ ಒಂದು ಕಣ್ಣಿಡುತ್ತೇನೆ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡಿ ಇಳಿಸುವವರ ಮಾತು ಕೇಳಬೇಡಿ. ಜಾಗ ಸಿಕ್ಕಲ್ಲಿ ಪಕ್ಕಕ್ಕೆ ಹಾಕಿ ಹಿಂದಿನವರನ್ನು ಬಿಟ್ಟುಬಿಡುತ್ತೇನೆ. ಮಳೆಗಾಲದಲ್ಲಿ ಮಾತ್ರ ಗುಡ್ಡದ ಬುಡದಲ್ಲಿ ನಿಲ್ಲಿಸುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಾಗ ಏನಾಯಿತು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಉಸ್ತಾದರ ಜೊತೆ ಒಂದು ಒಪ್ಪಂದ ಮಾಡಿಕೊಂಡೆ. ತಿರುವಿನಲ್ಲಿ ಏನಾದರೂ ಕಂಡರೆ ‘ಹೋಲ್ಡ್’ ಅನ್ನಿ, ನಿಲ್ಲಿಸುತ್ತೇನೆ. ಬೈಯುವುದನ್ನೆಲ್ಲ ಚಹಾ ಕುಡಿಯುವಾಗ ಬೈಯಿರಿ. ಅವರು ನಕ್ಕರು, ಒಪ್ಪಿದರು, ಮಧ್ಯೆ ಮಧ್ಯೆ ಮರೆಯುತ್ತಲೂ ಇದ್ದರು. ಆದರೆ ಯಲ್ಲಾಪುರದಲ್ಲಿ ಚಹಾ ಮುಂದಿಟ್ಟುಕೊಂಡು ಕೇಳಿದ ಬೈಗುಳ ತಲೆಗೆ ಹೋಗುತ್ತಿತ್ತು. ಸ್ಟಿಯರಿಂಗ್ ಹಿಡಿದಾಗ ಬೈದದ್ದು ಬರೀ ಕೈ ನಡುಗಿಸುತ್ತಿತ್ತು ಅಷ್ಟೇ. ಒಂದು ತಿರುವಿನಲ್ಲಿ ಎಡವಿದ್ದನ್ನು ಮುಂದಿನ ತಿರುವಿನವರೆಗೂ ತಲೆಯಲ್ಲಿ ಹೊತ್ತುಕೊಂಡು ಹೋದರೆ ಅಲ್ಲೂ ಎಡವುತ್ತೇವೆ, ಅಲ್ವಾ?

ಇನ್ನು ನಿದ್ದೆ. ನಿದ್ದೆಗೆಟ್ಟ ದಿನ ಸಣ್ಣ ಹಾರನ್ನೂ ಸಿಟ್ಟು ತರಿಸುತ್ತದೆ. ಅಂಥ ದಿನ ಸುಮ್ನೆ ಎಡಗಡೆ ಸೀಟಿಗೆ ಹೋಗುತ್ತೇನೆ.

ಕುಮಟಾ ಕಡೆಯ ದೇವಿಮನೆ ಘಟ್ಟವನ್ನು ಮಳೆಗಾಲದ ರಾತ್ರಿ ಲೋಡ್ ಹಾಕಿಕೊಂಡು ಇನ್ನೂ ಇಳಿಸಿಲ್ಲ. ಉಸ್ತಾದ್ ಪಕ್ಕದಲ್ಲಿ ಇದ್ದರೆ ಮಾತ್ರ ಇಳಿಸುತ್ತೇನೆ ಅಂತ ಮಾಲೀಕರಿಗೆ ಮೊದಲೇ ಹೇಳಿಟ್ಟಿದ್ದೇನೆ.