ಪರಿಹಾರದ ಹಣ ಬರಲಿಲ್ಲವೇ? ಮೊದಲು ಆಧಾರ್ ಯಾವ ಬ್ಯಾಂಕಿನಲ್ಲಿದೆ ನೋಡಿ

ಬೆಳೆ ಪರಿಹಾರ ಬಿಡುಗಡೆಯಾದ ವಾರ ಯಾವುದೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ನೋಡಿ. "ಪಕ್ಕದ ಹೊಲದವನಿಗೆ ಬಂತು, ನನಗೆ ಬರಲಿಲ್ಲ" ಅನ್ನುವವರೇ ಜಾಸ್ತಿ. ಪಹಣಿ, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್ ಮತ್ತೆ ಕೊಟ್ಟು ಬರುತ್ತಾರೆ. ಹಣ ಮಾತ್ರ ಬರುವುದಿಲ್ಲ. ಸುಮ್ನೆ ಜೆರಾಕ್ಸ್ ಖರ್ಚು. ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ಹುಡುಕಬೇಕು.

ಒಂದು: ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್. ರೈತರ ನೋಂದಣಿಗೆ ಸರ್ಕಾರ ಇಟ್ಟಿರುವ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ನಂಬರ್ ಇದೆಯಾ ಅಂತ ಕೇಳಿದರೆ ಸಾಲದು, ಎಲ್ಲ ಸರ್ವೆ ನಂಬರ್ ಸೇರಿವೆಯಾ ಅಂತ ಕೇಳಿ. ಮೂರು ಕಡೆ ಹೊಲ ಇದ್ದು ಒಂದನ್ನೇ ಸೇರಿಸಿದ್ದರೆ ಉಳಿದ ಎರಡು ಲೆಕ್ಕಕ್ಕೇ ಬರುವುದಿಲ್ಲ. ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ವಾರಸುದಾರರ ಹೆಸರಿಗೆ ಬದಲಿಸಿಕೊಳ್ಳಿ. ಅದೊಂದು ದೊಡ್ಡ ಪುರಾಣ, ಇಲ್ಲಿ ಬೇಡ.

ಎರಡು: ಬೆಳೆ ಸಮೀಕ್ಷೆ. ನೀವು ತೊಗರಿ ಹಾಕಿ, ಅಲ್ಲಿ ಬೀಳು ಅಂತ ಇದ್ದರೆ ಪರಿಹಾರ ಇಲ್ಲ. ಬೆಳೆ ದರ್ಶಕ್ ಆ್ಯಪ್‌ನಲ್ಲಿ ನೋಡಿಕೊಳ್ಳಿ.

ಮೂರು: ಬ್ಯಾಂಕ್. ಎಡವುವುದು ಇಲ್ಲೇ.

ಈ ಹಣ ನಿಮ್ಮ ಪಾಸ್‌ಬುಕ್ ನಂಬರ್ ನೋಡಿ ಬರುವುದಿಲ್ಲ, ಆಧಾರ್ ನಂಬರ್ ಹಿಡಿದು ಬರುತ್ತದೆ. ಆ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಅನ್ನುವ ಪಟ್ಟಿ ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಹತ್ತಿರ ಇರುತ್ತದೆ. ನಾಲ್ಕು ಬ್ಯಾಂಕಿನಲ್ಲಿ ಖಾತೆ ಇದ್ದರೂ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್. ಕೊನೆಯಲ್ಲಿ ಯಾವುದನ್ನು ಜೋಡಿಸಿದಿರೋ ಅದು. ಸಿಮ್ ಅಂಗಡಿಯಲ್ಲಿ ಬೆರಳೊತ್ತಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆ ನಿಮಗೆ ಮರೆತಿರಬಹುದು, ಪಟ್ಟಿಗೆ ಮರೆತಿರುವುದಿಲ್ಲ. ಎಷ್ಟೋ ಜನರ ಹಣ ಬಂದೇ ಇರುತ್ತದೆ, ಅಂಥ ಖಾತೆಯಲ್ಲಿ ಕೂತಿರುತ್ತದೆ.

ನೋಡುವುದು ಸುಲಭ. ಮೈ ಆಧಾರ್ ವೆಬ್‌ಸೈಟಿಗೆ ಒಟಿಪಿ ಕೊಟ್ಟು ಒಳಗೆ ಹೋಗಿ, 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿ. ಬ್ಯಾಂಕಿನ ಹೆಸರು, ಆ್ಯಕ್ಟಿವ್ ಇದೆಯೋ ಇಲ್ಲವೋ, ಎರಡೂ ಬರುತ್ತವೆ. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಈಗ ನಿಮ್ಮ ಹತ್ತಿರ ಇಲ್ಲದಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ಅದನ್ನು ಬದಲಿಸಿ.

ಹೆಸರು ಬೇರೆ ಬ್ಯಾಂಕಿನದ್ದಾಗಿದ್ದರೆ, ಅಥವಾ ಇನ್‌ಆ್ಯಕ್ಟಿವ್ ಅಂತಿದ್ದರೆ, ಹಣ ಬೇಕಾದ ಶಾಖೆಗೆ ನೀವೇ ಹೋಗಿ. ಕೌಂಟರಿನಲ್ಲಿ "ಆಧಾರ್ ಲಿಂಕ್ ಆಗಿದೆಯಾ?" ಅಂತ ಕೇಳಬೇಡಿ. "ಆಗಿದೆ ಹೋಗ್ರಿ" ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ಕೆವೈಸಿಗೆ, ಅಂದರೆ ಗುರುತಿನ ದಾಖಲೆಗೆ, ಆಧಾರ್ ಕೊಟ್ಟಿರುತ್ತೀರಿ, ಅಷ್ಟೇ. "ಡಿಬಿಟಿ ಹಣಕ್ಕೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ" ಅಂತಲೇ ಕೇಳಿ. ಡಿಬಿಟಿ ಅಂದರೆ ಸರ್ಕಾರದಿಂದ ನೇರ ಖಾತೆಗೆ ಬರುವ ಹಣ, ಮ್ಯಾಪಿಂಗ್ ಅಂದರೆ ಆ ಪಟ್ಟಿಯಲ್ಲಿ ಈ ಬ್ಯಾಂಕಿನ ಹೆಸರು ಸೇರಿಸುವುದು. ಫಾರಂನಲ್ಲಿ ಹಳೆಯ ಬ್ಯಾಂಕಿನಿಂದ ಇಲ್ಲಿಗೆ ಬದಲಿಸಿ ಅನ್ನುವ ಜಾಗಕ್ಕೆ ಟಿಕ್ ಹಾಕಿ, ಹಳೆಯ ಬ್ಯಾಂಕಿನ ಹೆಸರು ಬರೆಯಿರಿ. ಆ ಜಾಗ ಖಾಲಿ ಬಿಟ್ಟು ಬರುವವರು ಬಹಳ. ಸ್ವೀಕೃತಿಗೆ ಸೀಲ್ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ಕೆಲವು ದಿನ ಬಿಟ್ಟು ಅದೇ ಸ್ಟೇಟಸ್ ಮತ್ತೆ ನೋಡಿ. ಹೆಸರು ಬದಲಾದ ಮೇಲೆಯೇ ಕೆಲಸ ಮುಗಿದಂತೆ.

ನನ್ನ ಕೇಳಿದರೆ ಸಬ್ಸಿಡಿಗೆ ಒಂದೇ ಖಾತೆ ಇಟ್ಟುಕೊಳ್ಳಿ, ಸಾಲದ ಖಾತೆ ಅದಲ್ಲದಿದ್ದರೆ ಇನ್ನೂ ಒಳ್ಳೆಯದು.

ವಾಟ್ಸ್‌ಆ್ಯಪಿನಲ್ಲಿ 'ಪಿಎಂ ಕಿಸಾನ್' ಅಂತ ಓಡಾಡುವ ಎಪಿಕೆ (ಆ್ಯಪ್ ಹಾಕುವ) ಫೈಲ್ ಮುಟ್ಟಲೇಬೇಡಿ. ಅದನ್ನು ಹಾಕಿಕೊಂಡರೆ ಇರುವ ಹಣವೂ ಹೋಗುತ್ತದೆ. ಅಂದಹಾಗೆ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ, 2,000ದ ಮೂರು ಕಂತು, ಬರುವುದೂ ಆಧಾರ್ ದಾರಿಯಲ್ಲೇ. ಅದಕ್ಕೆ ಇ-ಕೆವೈಸಿ ಬೇರೆ ಆಗಬೇಕು.

ಹಣ ಬಂದೂ ಕಡಿಮೆ ಅನಿಸಿದರೆ ಲೆಕ್ಕ ಹಾಕಿ ನೋಡಿ. 2023ರ ಬರಕ್ಕೆ ಇದ್ದ ದರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000 ರೂಪಾಯಿ, ಅದೂ 2 ಹೆಕ್ಟೇರ್ ಮಿತಿಯೊಳಗೆ. ಎಕರೆ ಲೆಕ್ಕ ಇಟ್ಟುಕೊಂಡು ಜಗಳಕ್ಕೆ ಹೋಗಬೇಡಿ, ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ಮೂರೂ ಸರಿಯಿದ್ದು ಹಣ ಬಾರದಿದ್ದರೆ ಸ್ಟೇಟಸ್ ಪ್ರಿಂಟ್, ಎಫ್‌ಐಡಿ ನಂಬರ್ ಹಿಡಿದು ಗ್ರಾಮ ಆಡಳಿತ ಅಧಿಕಾರಿಯ ಹತ್ತಿರ ಹೋಗಿ, ಪಾವತಿ ಯಾವ ಕಾರಣಕ್ಕೆ ವಾಪಸ್ ಆಗಿದೆ ಅಂತ ಕೇಳಿ.